ಬಾವಿಯಲ್ಲಿಟ್ಟ ಖಾಲಿ ಪ್ಲೇಟು

ಶಿವಮೊಗ್ಗದಿಂದ ಬಂದ ಕೊನೇ ಬಸ್ಸು ಇನಾಯತುಲ್ಲಾನನ್ನು ಮಾಚೇನಹಳ್ಳಿಯಲ್ಲಿ ಇಳಿಸಿ ಹೋಯಿತು. ಅರವತ್ತೊಂದನೇ ಇಸವಿ, ಅಮಾವಾಸ್ಯೆ. ರಸ್ತೆಯಿಂದ ಒಳಗೆ ಅವನ ಅಜ್ಜಿ ಸರ್ವರ್ ಬೀಯ ಹೊಲ, ಅದರ ಮೂಲೆಯಲ್ಲಿ ಬತ್ತಿದ ಬಾವಿ. ಕೈಯಲ್ಲಿ ಬ್ಯಾಟರಿ ಇತ್ತು, ಹಾಕುವಂತಿರಲಿಲ್ಲ. ಬಾವಿಯಲ್ಲಿ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟ ತಗಡಿನ ಡಬ್ಬಿ, ಡಬ್ಬಿಯೊಳಗೆ ಕಪ್ಪು ಕಾಗದ ಸುತ್ತಿದ ಗಾಜಿನ ಫೋಟೋ ಪ್ಲೇಟು. ಕಾಗದ ಎಲ್ಲಾದರೂ ಹರಿದಿದ್ದರೆ ಸಣ್ಣ ಬೆಳಕಿಗೂ ಅದು ಹಾಳು.

ಇನಾಯತ್ ಕಾಗದನಗರದಲ್ಲಿ ನಮ್ಮ ಪಕ್ಕದ ಮನೆಯವನು. ಅವನೂ ನನ್ನ ತಮ್ಮ ಷಡಕ್ಷರಪ್ಪನೂ ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದರು, ಜೊತೆಗೆ ಸಂಶೋಧನೆ ಮಾಡುತ್ತಿದ್ದರು. ಪರಮಾಣುವಿನ ನ್ಯೂಕ್ಲಿಯಸ್ಸಿಗೆ ಪೆಟ್ಟು ಕೊಟ್ಟರೆ ಅದು ಬಿಸಿಯಾಗುತ್ತದೆ, ಬಿಸಿಯಾದರೆ ಕಣಗಳು ಹೊರಗೆ ಸಿಡಿಯುತ್ತವೆ. ಒಳಗೆ ಇಣುಕಲು ಆಗದು. ಹೊರಬಂದ ಕಣ ಪ್ಲೇಟಿನಲ್ಲಿ ಎಳೆದ ಗೆರೆಯನ್ನು ಅಳೆದು ಒಳಗಿನದನ್ನು ತಿಳಿಯಬೇಕು. ತಮ್ಮ ನನಗೆ ಒಲೆಯ ಮುಂದೆ ಕೂತು ಹೇಳಿದ್ದ: “ಒಳಗೆ ಶಕ್ತಿಯ ಮೆಟ್ಟಿಲಿವೆ, ಅಕ್ಕ. ಕೆಳಗೆ ದೂರ ದೂರ. ಮೇಲೆ ಹೋದಷ್ಟೂ ಒತ್ತೊತ್ತು... ಆಮೇಲೆ ಎಣಿಸೋಕೇ ಆಗಲ್ಲ.”

ಅಳೆಯುವ ಕ್ರಮ ಹೀಗೆ. ಒಬ್ಬ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯುವುದಿಲ್ಲ. ಗೆರೆ ಕಂಡರೆ ಉಗುರಿನಿಂದ ಮೇಜಿಗೆ ತಟ್ಟಿ, ಗಾಜಿನ ಮೇಲೆ ಹಸಿರು ಶಾಯಿಯ ಚುಕ್ಕೆ ಇಡುತ್ತಾನೆ. ಇನ್ನೊಬ್ಬ ಬರೆದುಕೊಂಡು “ಹ್ಞೂಂ” ಅನ್ನುತ್ತಾನೆ. ತಟ್ಟುವವನು ತಮ್ಮ, ಬರೆಯುವವನು ಇನಾಯತ್; ಮೂರು ವರ್ಷ ನಮ್ಮ ನಡುಮನೆಯಲ್ಲಿ ಅದೇ ಸದ್ದು. ಟಕ್... ಹ್ಞೂಂ. ಇವರು ಹಲ್ಲಿ ಲೊಚಗುಟ್ಟಿದರೂ ಹ್ಞೂಂ ಅಂತಾರೆ ಮಾರಾಯ್ತಿ, ಎಂದು ಅವ್ವ ನಗುತ್ತಿದ್ದಳು.

ಶ್ರಾವಣದಲ್ಲಿ ತಮ್ಮ ಜ್ವರ ಬಂದು ತೀರಿಕೊಂಡ. ಕೆಲಸದಲ್ಲಿ ಉಳಿದದ್ದು ಬಾವಿಯಲ್ಲಿದ್ದ ಆ ಖಾಲಿ ಪ್ಲೇಟು ಒಂದೇ. ಪ್ರಯೋಗಕ್ಕೆ ಒಡ್ಡದ ಪ್ಲೇಟಿನಲ್ಲೂ ಆಕಾಶದಿಂದ ಬಂದ ಕಣಗಳು ಗೆರೆ ಎಳೆದಿರುತ್ತವೆ. ಅಷ್ಟನ್ನು ಎಣಿಸಿ ಕಳೆಯದಿದ್ದರೆ ಮೂರು ವರ್ಷದ ಲೆಕ್ಕ ಸುಳ್ಳು. ಅಂಥ ಕಣ ಕಡಿಮೆ ಬೀಳಲೆಂದೇ ಪ್ಲೇಟುಗಳನ್ನು ಬಾವಿಯಲ್ಲಿಡುತ್ತಿದ್ದರು. ಆ ಡಬ್ಬಿಯನ್ನು ಇಳಿಬಿಟ್ಟವನು ನನ್ನ ತಮ್ಮ.

ಇನಾಯತ್ ಹಗ್ಗ ಹಿಡಿದು ಎಳೆಯತೊಡಗಿದ. ಕೆಳಗಿನಿಂದ... ಟಕ್.

ಕಲ್ಲು ಬಿದ್ದದ್ದಲ್ಲ. ಉಗುರು ಮರಕ್ಕೆ ತಾಗಿದ ಸದ್ದು. ರಾತ್ರಿ ಗೊತ್ತಿಲ್ಲದ ಸದ್ದಿಗೆ ಓಗೊಡಬಾರದು ಎಂದು ಸರ್ವರ್ ಬೀ ಚಿಕ್ಕಂದಿನಿಂದ ಹೇಳಿಕೊಟ್ಟಿದ್ದಳು. ಆದರೆ ಇದು ಗೊತ್ತಿದ್ದ ಸದ್ದು. ಬಾಯಿಗೆ ಅಭ್ಯಾಸ.

“ಹ್ಞೂಂ” ಅಂದುಬಿಟ್ಟ.

ಟಕ್. ಈಗ ಸ್ವಲ್ಪ ಮೇಲೆ... ಇಳಿಯಲೆಂದು ಗೋಡೆಯಲ್ಲಿ ಚಾಚಿದ ಕಲ್ಲುಗಳ ಕಡೆಯಿಂದ. ಬಾಯಿ ಮತ್ತೆ ಹ್ಞೂಂ ಎಂದಿತು. ಆಗ ಅವನು ಕರ್ಚೀಫನ್ನು ಬಾಯಿಗೆ ತುರುಕಿ ಕಚ್ಚಿಕೊಂಡ. ಓಡಬಹುದಿತ್ತು. ಡಬ್ಬಿ ಆಗಲೇ ಅರ್ಧಕ್ಕೆ ಬಂದಿತ್ತು, ಕೈಬಿಟ್ಟರೆ ಗಾಜು ಚೂರು. ಎಳೆದ. ಸದ್ದೂ ಏರಿತು. ಟಕ್... ಟಕ್.. ಟಕ್ ಟಕ್... ಮೇಲೆ ಬಂದಷ್ಟೂ ಒತ್ತೊತ್ತಾಗಿ. ಅಷ್ಟು ಕಲ್ಲು ಆ ಗೋಡೆಯಲ್ಲಿ ಇರಲೇ ಇಲ್ಲ. ಕೊನೆಗೆ ತಗಡಿನ ಮೇಲೆ ರಾಗಿ ಸುರಿದ ಹಾಗೆ ಒಂದೇ ಸದ್ದು. ಡಬ್ಬಿ ಕೈಗೆ ಸಿಕ್ಕಿತು. ಸದ್ದು ನಿಂತಿತು.

ಡಬ್ಬಿ ಬೆಚ್ಚಗಿತ್ತು.

ಅಲ್ಲಿಂದ ನಡೆದೇ ಬಂದ. ಹಿಂದೆ ಹೆಜ್ಜೆಯ ಸದ್ದಿರಲಿಲ್ಲ. ನಮ್ಮ ಬೀದಿಗೆ ತಿರುಗುವಾಗ ಮಾತ್ರ ಕಂಕುಳಲ್ಲಿದ್ದ ಡಬ್ಬಿಯೊಳಗಿಂದ ಒಮ್ಮೆ... ಟಕ್. ಉತ್ತರ ಕೊಡಲಿಲ್ಲ.

ಬಾಗಿಲು ತೆಗೆದವಳು ನಾನು.

“ಅಕ್ಕ... ನಾನು ಹ್ಞೂಂ ಅಂದ್ಬಿಟ್ಟೆ.”

“ಎಷ್ಟು ಸಲ?”

“ಎರಡು ಸಲ.”

ಎಲ್ಲ ಹೇಳಿದ. ಅವನೇನಾ, ಎಂದು ಕೇಳಿದೆ.

“ಉಗುರು ಅವನದೇ ಅಕ್ಕ. ಬಂದಿರೋದು ಯಾರೋ ಗೊತ್ತಿಲ್ಲ.”

ಪ್ಲೇಟನ್ನು ಆ ರಾತ್ರಿಯೇ ನಮ್ಮ ಬಚ್ಚಲಲ್ಲಿ, ಕೆಂಪು ದೀಪವಿಟ್ಟುಕೊಂಡು, ಗೆರೆ ಮೂಡಿಸುವ ದ್ರಾವಣದಲ್ಲಿ ತೊಳೆದೆವು. ಕಾಗದ ಬಿಚ್ಚಿದ್ದು ನನ್ನೆದುರಿಗೇ. ಎಲ್ಲೂ ಹರಿದಿರಲಿಲ್ಲ, ಹಚ್ಚಿದ ಅಂಟು ಹಾಗೇ ಇತ್ತು. ಮಾರನೇ ಸಂಜೆ ಒಣಗಿದ ಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದೆವು. ಒಂದು ಮೂಲೆಯಲ್ಲಿ ಎರಡು ಗೆರೆ, ಎರಡರ ಪಕ್ಕದಲ್ಲೂ ನಾವಿಬ್ಬರೂ ಇಡದ ಹಸಿರು ಚುಕ್ಕೆ. ಆಚೆಗೆ ಬೇಕಾದಷ್ಟು ಗೆರೆಗಳಿದ್ದವು, ಚುಕ್ಕೆ ಇರಲಿಲ್ಲ. ಅವನ್ನು ಎಣಿಸಬೇಕಾದರೆ ಯಾರಾದರೂ ಹ್ಞೂಂ ಅನ್ನಬೇಕು. ಇನಾಯತ್ ಒಪ್ಪಲಿಲ್ಲ. ಬೇರೆ ಯಾರನ್ನೂ ಕೂರಿಸಲೂ ಬಿಡಲಿಲ್ಲ. ಲೆಕ್ಕ ಹಾಗೇ ನಿಂತಿತು.

ನಾನು ಮಕ್ಕಳಿಗೆ ಗಣಿತ ಹೇಳಿಕೊಡುವವಳು, ಕಂಡಷ್ಟನ್ನೇ ಬರೆದಿದ್ದೇನೆ. ಆ ಸಂಜೆ ಗಾಜು ಪೂರ್ತಿ ಒಣಗಿತ್ತು. ಆ ಚುಕ್ಕೆಗಳಲ್ಲಿ ಒಂದರ ಮೇಲೆ ಬೆರಳಿಟ್ಟೆ. ಹಸಿ ಶಾಯಿ ಹತ್ತಿತು.