ಎಡಗಡೆ ಕೂತಿದ್ದ ದಿನೇಶ

ಹೆಸರು: ಸುಚಿತಾ ಕೋಂ ದಿನೇಶ ಹರಿಕಂತ್ರ, ಪ್ರಾಯ: 36 ವರ್ಷ, ಉದ್ಯೋಗ: ಮೀನು ವ್ಯಾಪಾರ, ಸಾ: ಬಾಡ, ತಾ: ಕುಮಟಾ. ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮಾವ ಈರ ಹರಿಕಂತ್ರ ಅವರಿಗೆ 74 ವರ್ಷ. ಐವತ್ತು ವರ್ಷ ದೋಣಿಯ ಚುಕ್ಕಾಣಿ ಹಿಡಿದವರು. ಈಗ ನನ್ನ ಮೈದುನ ಸುಧಾಕರನ ಹೆಸರಿನಲ್ಲಿರುವ ಮೀನಿನ ಟೆಂಪೋ ಓಡಿಸುತ್ತಾರೆ. ಕಣ್ಣು ಮಂಜಾದ ಮೇಲೆ ಅವರ ಲೈಸೆನ್ಸ್ ನವೀಕರಣವಾಗಿಲ್ಲ. ದೋಣಿಯ ಮುಂದೆ ನಿಂತವನು ಕೂಗಿ ದಾರಿ ಹೇಳುವ ಹಾಗೆ ನನ್ನ ಗಂಡ ಎಡಗಡೆ ಕೂತು ಹೇಳುತ್ತಿದ್ದರು. ಬಾಡದಿಂದ ಕುಮಟಾದವರೆಗೆ ಇದು ಹೇಗೋ ನಡೆದಿತ್ತು. ಆ ರಸ್ತೆಯಲ್ಲಿ ನಮ್ಮ ಟೆಂಪೋ ಕಂಡರೆ ಜನರೇ ಸರಿದು ನಿಲ್ಲುತ್ತಾರೆ. ಇದು ತಪ್ಪೆಂದು ನನಗೂ ಗೊತ್ತಿತ್ತು, ಸುಮ್ಮನಿದ್ದೆ.

ದಿನಾಂಕ 12-11-2024ರಂದು ಭಟ್ಕಳದ ಮದುವೆಮನೆಯೊಂದಕ್ಕೆ ಮೀನು ಕೊಡಲು ಬೆಳಿಗ್ಗೆ 6-00ಕ್ಕೆ ಹೊರಟೆವು. ನಾನು ಹಿಂದೆ ಮೀನಿನ ಬಾಕ್ಸ್‌ಗಳ ನಡುವೆ ಕೂತಿದ್ದೆ. 6-25ಕ್ಕೆ ಕುಮಟಾದಲ್ಲಿ ನನ್ನ ಗಂಡ ಇಳಿದು, ಇನ್ನು ಮುಂದೆ ಹೈವೇ, ತಾನು ಓಡಿಸುತ್ತೇನೆ ಎಂದರು. ಅವರಿಗೆ ಲೈಸೆನ್ಸ್ ಇತ್ತು. ಮಾವ ಇಳಿಯಲಿಲ್ಲ. "ಅಳಿವೆಯ ತೆರೆಯಾಗೆ ದೋಣಿ ದಾಟ್ಸ್ದವ ನಾ. ಈ ಡಾಂಬರಿಗೆ ಎಂತಕ್ಕೆ ಹೆದ್ರೂದು?" ಎಂದರು. ಅಪ್ಪನಿಗೆ ಬೇಜಾರಾಗಬಾರದೆಂದು ಇವರು ಮತ್ತೆ ಎಡಗಡೆಯೇ ಹತ್ತಿದರು.

ಹೊನ್ನಾವರ ದಾಟಿ 7-50ಕ್ಕೆ ಮುಟ್ಟಳ್ಳಿ ಹತ್ತಿರ ಬಂದಾಗ ರಸ್ತೆಯ ಎಡಬದಿಗೆ ಲಾರಿ ನಿಂತಿತ್ತು. ಸುಮಾರು 30 ಮೀಟರ್ ಇರುವಾಗ ನನ್ನ ಗಂಡ "ಅಪ್ಪಾ, ಬಲಕ್ಕೆ, ಬಲಕ್ಕೆ" ಎಂದು ಕೂಗಿದರು. ದೋಣಿ ಬಲಕ್ಕೆ ಹೋಗಬೇಕಾದರೆ ಚುಕ್ಕಾಣಿಯ ಹಿಡಿಯನ್ನು ಎಡಕ್ಕೆ ತಳ್ಳಬೇಕು. ಗಾಬರಿಯಲ್ಲಿ ಮಾವ ಸ್ಟೇರಿಂಗನ್ನೂ ಹಾಗೆಯೇ ಎಡಕ್ಕೆ ತಿರುಗಿಸಿದ್ದನ್ನು ಹಿಂದಿನ ಕಿಟಕಿಯಿಂದ ಕಣ್ಣಾರೆ ಕಂಡೆ. ಟೆಂಪೋದ ಎಡಭಾಗ ಲಾರಿಯ ಅಡಿಗೆ ಹೋಯಿತು. ನನ್ನ ಗಂಡ ಅಲ್ಲೇ ತೀರಿಕೊಂಡರು. ಮಾವನಿಗೆ ಮೊಣಕೈ ತರಚಿತ್ತು.

ಅದೇ ಮಧ್ಯಾಹ್ನ ಸುಧಾಕರನು, ಅಪ್ಪನ ಮೇಲೂ ತನ್ನ ಮೇಲೂ ಕೇಸ್ ಬರಬಾರದೆಂದು, ಟೆಂಪೋ ಓಡಿಸಿದವನು ದಿನೇಶನೇ ಎಂದು ಹೇಳಿಕೆ ಕೊಟ್ಟಿದ್ದಾನೆ. ಮಾವನೂ ಹೌದೆಂದಿದ್ದಾರೆ. ನಾನು ಕೇಳಿದ್ದಕ್ಕೆ, ನನ್ನ ಮುಖ ನೋಡದೆ, "ಸತ್ತವಂಗೆ ಕೇಸಾದ್ರೆ ಎಂತ ಆತದೆ? ನೀ ಸುಮ್ನಿರು" ಎಂದರು. ಹೆತ್ತ ಅಪ್ಪನೇ ಹೀಗೆ ಮಾಡಿದ್ದನ್ನು ನನ್ನಿಂದ ಸಹಿಸಲಾಗುತ್ತಿಲ್ಲ.

ಆರೋಪಿ ಎಂದು ಬರೆದ ಕಡೆಯಿಂದ ನನ್ನ ಗಂಡನ ಹೆಸರು ತೆಗೆಯಬೇಕು. ಇದನ್ನು ಹೇಳಿದ ಮೇಲೆ ಆ ಮನೆಯಲ್ಲಿ ನನಗೆ ಜಾಗ ಇರುವುದಿಲ್ಲ. ಆದರೂ ತೆಗೆಯಬೇಕು.

ಬರೆದುಕೊಂಡಿದ್ದನ್ನು ನನಗೆ ಓದಿ ಹೇಳಿದ್ದಾರೆ. ನಾನು ಹೇಳಿದ ಹಾಗೆಯೇ ಇದೆ, ಎಲ್ಲವೂ ಖರೆ.

ಸ್ಥಳ: ಭಟ್ಕಳ
ದಿನಾಂಕ: 18-11-2024
ಸಹಿ/- ಸುಚಿತಾ ದಿನೇಶ ಹರಿಕಂತ್ರ