ತಿರುಗಿ ಕೂತ ಕ್ಯಾಮೆರಾ

ಸ್ಕೂಟರ್ ರಿಪೇರಿಗೆ ಬಂದು ಗ್ಯಾರೇಜಿನ ಬೆಂಚಿನಲ್ಲಿ ಕಾಯುತ್ತಿದ್ದ ನರ್ಸಮ್ಮನಿಗೆ ಪಕ್ಕದ ದಂಪತಿಯ ಮಾತು ಕೇಳಿಸಿಕೊಳ್ಳದೆ ವಿಧಿಯಿರಲಿಲ್ಲ. ಹೊರಗೆ ಅವರ ಕಾರು ಮೂತಿ ಜಜ್ಜಿಸಿಕೊಂಡು ನಿಂತಿತ್ತು. ಗಂಡನ ಮೊಬೈಲಿನಲ್ಲಿ ಅಪಘಾತದ ವಿಡಿಯೊ ಓಡುತ್ತಿತ್ತು.

"ಡ್ಯಾಶ್‌ಕ್ಯಾಮ್ ಇದ್ರೆ ಸಾಕ್ಷಿ ಸಿಗುತ್ತೆ ಅಂತ ಹಾಕಿದ್ರಿ. ರಸ್ತೆ ಎಲ್ಲಿದೆ ಇದ್ರಲ್ಲಿ? ಬರೀ ನಮ್ಮಿಬ್ಬರ ಮುಖ!"

"ಕೂರಿಸುವಾಗ ಕನ್ನಡಕ ಹಾಕ್ಕೊಂಡಿರಲಿಲ್ಲ ಕಣೆ. ಹಿಂದುಮುಂದಾಗಿದೆ."

"ನಾನು ಫೋನಲ್ಲಿ ಮಾತಾಡ್ತಾ ಓಡಿಸ್ತಿದ್ದೆ ಅಂತ ಆ ಲಾರಿಯವನು ದೂರು ಕೊಟ್ಟಿದ್ದಾನೆ. ಈಗೇನು ಗತಿ?"

"ಸರಿಯಾಗಿ ನೋಡು. ನಿನ್ನ ಎರಡು ಕೈಯೂ ಸ್ಟೇರಿಂಗ್ ಮೇಲೇ ಇವೆ. ಫೋನ್ ಎಲ್ಲಿದೆ? ಅವನ ಬಾಯಿ ಮುಚ್ಚಿಸೋಕೆ ಇಷ್ಟು ಸಾಕು."

"ಅಬ್ಬಾ, ಬದುಕಿದೆ!"

"ತಾಳು, ಇನ್ನೂ ಇದೆ. ಗುದ್ದೋ ಹೊತ್ತಿಗೆ ನಿನ್ನ ಎಡಗೈ ಎಲ್ಲಿಗೆ ಬಂತು ನೋಡು."

"ನಿಮ್ಮ ಎದೆಗೆ ಅಡ್ಡ."

"ಎರಡು ದಿನದಿಂದ ನನ್ನ ಹತ್ರ ಮಾತು ಬಿಟ್ಟಿದ್ದೆ ನೀನು."

"ಆ ವಿಷಯ ಕೈಗೆ ಹೇಳೋದು ಮರೆತಿದ್ದೆ."

ಅವನು ವಿಡಿಯೊವನ್ನು ಹಿಂದಕ್ಕೆ ಎಳೆದು ಇನ್ನೊಮ್ಮೆ ನೋಡಿದ. ಅಷ್ಟರಲ್ಲಿ ಮೆಕ್ಯಾನಿಕ್ ಕೈ ಒರೆಸಿಕೊಳ್ಳುತ್ತಾ ಬಂದ.

"ಯಜಮಾನ್ರೇ, ಕ್ಯಾಮೆರಾನ ರಸ್ತೆ ಕಡೆ ತಿರುಗಿಸ್ಲಾ?"

"ರಸ್ತೆಗೆ ಇನ್ನೊಂದು ಹಾಕಪ್ಪ. ಇದು ಹೀಗೇ ಇರ್ಲಿ."

"ಹಾಗಾದ್ರೆ ಇನ್ಮೇಲೆ ತಲೆ ಬಾಚ್ಕೊಂಡು ಕಾರು ಹತ್ತಿ," ಎನ್ನುತ್ತಾ ಹೆಂಡತಿ ಎದ್ದಳು.

ಇಬ್ಬರೂ ಬಾಗಿಲು ದಾಟುವಾಗ ಯಾರದೋ ಕಾರು ಹಿಂದಕ್ಕೆ ಬರುತ್ತಿತ್ತು. ಅವಳ ಎಡಗೈ ತಾನಾಗಿಯೇ ಗಂಡನ ಎದೆಗೆ ಅಡ್ಡ ಹೋಯಿತು. ಈ ಸಲ ಅದನ್ನು ಕಂಡದ್ದು ನರ್ಸಮ್ಮ ಒಬ್ಬರೇ.