ಕುಂಕುಮ ಇಟ್ಟ ಡಿಸ್ಕು

ಮಳೆ ಹಿಡಿದರೆ ದ್ರಾಕ್ಷಿ ಕೀಳುವ ಕೆಲಸ ನಿಂತುಹೋಗುತ್ತದೆ. ಮುದ್ದೇನಹಳ್ಳಿ ಪಕ್ಕದ ಮೋಹನ್‌ಬಾಬು ತೋಟದಲ್ಲಿ ಆ ಸಂಜೆ ಕೂಲಿಯವರೆಲ್ಲ ಸೆರಗು, ಗೋಣಿಚೀಲ ಹೊದ್ದುಕೊಂಡು ಓಡಿಹೋದ ಮೇಲೆ, ತಗಡಿನ ಶೆಡ್ಡಿನಲ್ಲಿ ಉಳಿದವರು ಮೂರೇ ಜನ. ತೋಟ ಕಾಯುವ ಮುದುಕ ನಲ್ಲಪ್ಪ, ಹಣ್ಣು ವಿಂಗಡಿಸುವ ರೂಪ, ನಿನ್ನೆಯಷ್ಟೇ ಬಾಡಿಗೆಗೆ ಬಂದ ಜಂಗಮಕೋಟೆಯ ಟೆಂಪೊ ಡ್ರೈವರ್ ಚಿರಂಜೀವಿ. ದ್ರಾಕ್ಷಿ ಚಪ್ಪರದಿಂದ ನೀರು ಸೋರುತ್ತಿತ್ತು. ಟೆಂಪೊ ಹೊರಗೆ ನೆನೆಯುತ್ತ ನಿಂತಿತ್ತು.

ಚಿರಂಜೀವಿಗೆ ಮಳೆಯ ಚಿಂತೆ ಇರಲಿಲ್ಲ. ನಿನ್ನೆ ರಾತ್ರಿಯಿಂದ ಅವನ ತಲೆಯಲ್ಲಿ ಒಂದೇ ಹುಳ ಕೊರೆಯುತ್ತಿತ್ತು.

"ಅಲ್ಲಾ ರೂಪಕ್ಕ, ಮನೇಲಿರೋ ಕಂಪ್ಯೂಟರಲ್ಲಿ ಜಾಗ ಸಾಲ್ದು ಅಂತ ಇನ್ನೊಂದು ಹಾರ್ಡ್‌ಡಿಸ್ಕ್ ಹಾಕ್ದೆ. ಹಾಕಿದ್ದು ಒಂದು, ತೋರಿಸಿದ್ದು ಎರಡು! ಸರಿ, ಹಾಕಿದ್ದನ್ನ ಕಿತ್ತಾಕ್ದೆ. ಆಗ್ಲೂ ಒಂದು ಜಾಸ್ತಿ ತೋರಿಸ್ತದೆ. ಇಲ್ದೇ ಇರೋ ಡಿಸ್ಕು ಅದ್ಹೆಂಗೆ ಕಾಣ್ತದೆ?"

"ನನ್ನ ಕೇಳ್ತೀಯಲ್ಲಪ್ಪ, ನಮ್ಮನೆ ಟಿವಿ ರಿಮೋಟೇ ನನ್ನ ಮಾತು ಕೇಳಲ್ಲ" ಎಂದಳು ರೂಪ.

ನಲ್ಲಪ್ಪ ಬೀಡಿ ಹಚ್ಚುತ್ತಿದ್ದವನು ಕಡ್ಡಿ ಆರಿಸಿ ಹಾಗೇ ಕೂತ. ಸುಳ್ಳು ಹೇಳುವಾಗಲೂ ನಿಜ ಹೇಳುವಾಗಲೂ ಅವನ ಮುಖ ಒಂದೇ ತರ ಇರುತ್ತದೆಂದು ಊರಿನಲ್ಲಿ ಮಾತಿತ್ತು. ಸ್ವಲ್ಪ ಹೊತ್ತು ಚಿರಂಜೀವಿಯನ್ನೇ ನೋಡಿದ. ಆಮೇಲೆ ಒಂದು ಖಾಲಿ ಕ್ರೇಟು ಬೋರಲು ಹಾಕಿ ಅದರ ಮೇಲೆ ಕೂತು ಶುರು ಮಾಡಿದ.

"ಇಲ್ದೇ ಇರೋದು ಹೆಂಗೆ ಕಾಣ್ತದೆ ಅಂದ್ಯಲ್ಲ... ಕೇಳಿಸ್ಕೊ. ನಮ್ಮ ಮೋಹನ್‌ಬಾಬು ಗೊತ್ತಲ್ಲ, ಈ ತೋಟದ ಓನರ್ರು, ಆ ತುದೀಲಿ ಕಾಣ್ತದಲ್ಲ ಅದೇ ಮನೆ. ತೋಟದ ಜೊತೆಗೆ ಮದುವೆ ವಿಡಿಯೋನೂ ತೆಗಿತಾನೆ. ಅವನ ಅಮ್ಮ ರಾಮಲಕ್ಷ್ಮಮ್ಮ, ಅಯ್ಯಯ್ಯೋ, ಏನ್ ಗಂಟಲು ಅಂತೀಯ! ಗಿಳಿ ಬಂದ್ರೆ, ಗೊರವಂಕ ಬಂದ್ರೆ, ಒಂದು ತಗಡಿನ ಡಬ್ಬ ಬಡ್ಕೊಂಡು 'ಹೋ...ಯ್' ಅಂತ ಕೂಗಿದ್ಲು ಅಂದ್ರೆ ಇಲ್ಲಿ ಕೂತ ಹಕ್ಕಿ ಹೋಗಿ ನಂದಿ ಬೆಟ್ಟದ ಮೇಲೆ ಕೂರೋದು. ಮಗ ಒಂದ್ಸಲ ಹೊಸ ಕ್ಯಾಮೆರಾ ತಂದವನು, ಹೆಂಗೆ ಬರ್ತದೆ ನೋಡಾಣ ಅಂತ ಇದೇ ಚಪ್ಪರದಡಿ ಅವಳನ್ನ ಹಿಡಿದ. ಅವಳು ಹಕ್ಕಿ ಓಡಿಸಿ, ತಿರುಗಿ ಇವನ ಕಡೆ ನೋಡಿ, 'ತಿನ್ನಾವಾ ನಾಯನಾ?' ಅಂದ್ಲು. ತಿಂದ್ಯೇನಪ್ಪ ಮಗನೇ, ಅಂತ. ಅಷ್ಟೇ. ಆಮೇಲೆ ಆರು ತಿಂಗಳಿಗೆ ಹೋಗ್ಬಿಟ್ಲು. ಅವಳ ದನಿ ಅಂತ ಈ ಭೂಮಿ ಮೇಲೆ ಉಳಿದಿದ್ದು ಅದೊಂದೇ ವಿಡಿಯೋ, ಒಂದು ಹಳೇ ಡಿಸ್ಕಲ್ಲಿ."

ರೂಪ ಸೆರಗು ಹೊದ್ದು ಹತ್ತಿರ ಸರಿದಳು.

"ಈಗ ನೋಡಿ, ಮದುವೆ ಮೇಲೆ ಮದುವೆ ತೆಗೆದು ಅವನ ಕಂಪ್ಯೂಟರ್ ತುಂಬೋಯ್ತು. ಒಂದು ಡಿಸ್ಕು ಸೇರಿಸ್ದ, ಇನ್ನೊಂದು ಸೇರಿಸ್ದ. ಎಲ್ಲಾ ನೋಡಕ್ಕೆ ಅವಳಿ ಜವಳಿ ಇದ್ದಂಗೆ. ಅಮ್ಮನ ಡಿಸ್ಕು ಗುರ್ತು ಸಿಗ್ಲಿ ಅಂತ ಅದಕ್ಕೊಂದು ಕುಂಕುಮದ ಬೊಟ್ಟು ಇಟ್ಟ. ಒಳ್ಳೇ ಬುದ್ಧಿ, ಅಲ್ವಾ? ಚೀಟಿ ಅಂಟಿಸಿದ್ರೆ ಉದುರ್ತದೆ, ಕುಂಕುಮ ಉದುರ್ತದಾ? ಉದುರ್ಲಿಲ್ಲ... ಆಯುಧಪೂಜೆ ಬಂತು. ಅವನ ಹೆಂಡ್ತಿ ಯಾಮಿನಿ ಮನೇಲಿರೋ ಮಚ್ಚು, ಮಿಕ್ಸಿ, ಮೋಟರು, ಸ್ಕೂಟರು ಎಲ್ಲಕ್ಕೂ ಪೂಜೆ ಮಾಡಿದ್ಲು. ಕಂಪ್ಯೂಟರಿನ ಡಬ್ಬಿ ಬಾಗಿಲು ತೆಗೆದಿತ್ತು. ಒಳಗೆ ನೋಡಿದ್ರೆ ಒಂದಕ್ಕೆ ಮಾತ್ರ ಕುಂಕುಮ ಐತೆ, ಮಿಕ್ಕಿದ್ದೆಲ್ಲ ಬೋಳು ಹಣೆ. ಪಾಪ, ಇವೇನು ಪಾಪ ಮಾಡಿದ್ವು ಅಂತ ಎಲ್ಲದಕ್ಕೂ ಒಂದೊಂದು ಬೊಟ್ಟು ಇಟ್ಲು."

"ಅಯ್ಯೋ ದೇವ್ರೇ" ಎಂದಳು ರೂಪ. ನಗಬೇಕೋ ಬೇಡವೋ ಅವಳಿಗೆ ತಿಳಿಯಲಿಲ್ಲ.

"ನಗಮ್ಮ, ನಗು, ನಾನೂ ನಕ್ಕಿದ್ದೆ. ಆಮೇಲೇನಾಯ್ತು, ಇನ್ನೂ ಒಂದು ಡಿಸ್ಕು ಹಾಕ್ದ ನೋಡು, ಒಂದು ಕಾಣ್ದಂಗಾಯ್ತು. ವೈರು ಬದಲಾಯಿಸ್ದ, ಇಲ್ಲ. ಆ ತೂತಿಂದ ಕಿತ್ತು ಈ ತೂತಿಗೆ ಹಾಕ್ದ, ಇಲ್ಲ. ಕಿವಿ ಹತ್ರ ಇಟ್ಕೊಂಡ್ರೆ ಟಿಕ್ ಟಿಕ್ ಅಂತದೆ, ತಿರುಗಲ್ಲ. ಸತ್ತೋಗೈತೆ, ಯಾವುದೋ ಹಳೇ ಮದುವೇದು ಅನ್ಕೊಂಡ. ಬಿಸಾಕ್ಬೋದಿತ್ತು. ಬಿಸಾಕಿದ್ರೆ ನಮ್ಮ ಕಡೆ ರೈತ ಆಗ್ತಾನೇನಪ್ಪಾ? ಹಳೇ ಸೀಡಿಗಳನ್ನೆಲ್ಲ ಹಕ್ಕಿ ಬೆದರಲಿ ಅಂತ ಚಪ್ಪರಕ್ಕೆ ಕಟ್ಟಿದ್ವಲ್ಲ, ಹಂಗೇ ಆ ಡಿಸ್ಕನ್ನೂ ಬಿಚ್ಚಿದ. ಒಳಗೆ ಒಂದೇ ಒಂದು ಬಿಲ್ಲೆ, ಒಳ್ಳೇ ಕನ್ನಡಿ ಇದ್ದಂಗೆ, ನೋಡಿದ್ರೆ ಮುಖ ಕಾಣ್ತದೆ. ನನ್ನ ಕೈಲೇ ಕೊಟ್ಟು ಮೂರನೇ ಸಾಲಿಗೆ ಕಟ್ಟಿಸ್ದ."

ಮೂರನೇ ಸಾಲು ಎಂದಾಗ ಚಿರಂಜೀವಿ ಕಾಲು ಬದಲಾಯಿಸಿ ಕೂತ.

"ವಾರ ಬಿಟ್ಟು ಚಿಕ್ಕಬಳ್ಳಾಪುರದಿಂದ ರಿಪೇರಿ ರಮೇಶ್‌ಬಾಬು ಬಂದ. ನೋಡಿ ಏನಂದ ಗೊತ್ತಾ? 'ಅಣ್ಣಾ, ಒಂದು ಬೋರಿಗೆ ನಾಲ್ಕು ತೋಟದ ಪೈಪ್ ಕೊಟ್ರೆ ಕೊನೇ ತೋಟಕ್ಕೆ ನೀರು ಹೋಗ್ತದಾ? ಈ ಸಣ್ಣ ಪವರ್ ಸಪ್ಲೈ ಇಷ್ಟು ಡಿಸ್ಕು ಎಳಿಯಲ್ಲ. ಕಾಣ್ದೇ ಇದ್ದಿದ್ದು ಸತ್ತಿರಲಿಲ್ಲ, ಅದಕ್ಕೆ ಕರೆಂಟ್ ಸಾಲ್ತಿರಲಿಲ್ಲ' ಅಂದ. ಮೋಹನ ಗಡಬಡಾಯಿಸ್ಕೊಂಡು ಮಿಕ್ಕಿದ್ದೆಲ್ಲ ತೆಗೆದು ನೋಡ್ದ. ಮದುವೆ, ಮದುವೆ, ಗೃಹಪ್ರವೇಶ, ಮದುವೆ... ಅಮ್ಮ ಇಲ್ಲ. ಚೆನ್ನಾಗಿದ್ದ ಡಿಸ್ಕನ್ನ ತಾನೇ ಬಿಚ್ಚಿ, ಅಮ್ಮನ್ನ ಹಕ್ಕಿ ಬೆದರಿಸೋಕೆ ನೇತಾಕಿದ್ದ!"

ನಲ್ಲಪ್ಪ ಬೀಡಿ ಹಚ್ಚಿ ಒಂದು ದಮ್ಮು ಎಳೆದ. ತಗಡಿನ ಮೇಲೆ ಮಳೆ ಜೋರಾಯಿತು.

"ಕತೆ ಇಲ್ಲಿಗೆ ಮುಗೀಬೇಕಿತ್ತು. ಮುಗೀಲಿಲ್ಲ. ದೊಡ್ಡ ಪವರ್ ಸಪ್ಲೈ ಹಾಕಿ ಆನ್ ಮಾಡ್ತಾರೆ, ಒಳಗಿರೋ ಡಿಸ್ಕು ಮೂರು, ಕಾಣ್ತಾ ಇರೋದು ನಾಲ್ಕು. ರಮೇಶ್‌ಬಾಬು ಒಂದೊಂದೇ ಕಿತ್ತ, ಕಿತ್ತ... ಕಡೆಗೆ ಒಂದೇ ಬಿಟ್ಟ. ಆಗ ಎರಡು ಕಾಣ್ತದೆ. ಅಂಗಡಿಗೆ ಎತ್ಕೊಂಡು ಹೋದ, ಅಲ್ಲಿ ಸರಿಯಾಗೈತೆ. ವಾಪಸ್ ತೋಟಕ್ಕೆ ತಂದ, ಮತ್ತೆ ಒಂದು ಜಾಸ್ತಿ! ಅವನು ಕೈ ಮುಗಿದು 'ಅಣ್ಣಾ, ಇದು ನನ್ನ ಕೋರ್ಸಲ್ಲಿ ಹೇಳ್ಕೊಟ್ಟಿಲ್ಲ' ಅಂತ ಬೈಕ್ ಹತ್ತಿದ. ನನಗೂ ಅರ್ಥ ಆಗ್ಲಿಲ್ಲ, ಇವತ್ತಿಗೂ ಆಗಿಲ್ಲ. ಆ ಇಲ್ದೇ ಇರೋ ಡಿಸ್ಕಲ್ಲಿ ಒಂದೇ ಫೈಲು, ಹೆಸರಿಲ್ಲ. ಗಾಳಿ ಇಲ್ದೇ ಇದ್ರೆ ಬರೀ ಟಿಕ್ ಟಿಕ್. ಗಾಳಿ ಬೀಸಿ ಮೂರನೇ ಸಾಲಲ್ಲಿ ಬಿಲ್ಲೆ ತಿರುಗ್ತು ಅನ್ನು... 'ಹೋ...ಯ್!'"

ರೂಪ ಬೆಚ್ಚಿ ಚಿರಂಜೀವಿಯ ತೋಳು ಹಿಡಿದುಕೊಂಡಳು.

"ಹಳೇ ವಿಡಿಯೋನೇ ಆದ್ರೆ ಹೇಳಿದ್ದನ್ನೇ ಹೇಳ್ಬೇಕಲ್ವಾ? ಹೇಳಲ್ಲ. ಒಂದಿನ 'ಮೋಡ ಆಗೈತೆ, ಕ್ರೇಟು ಒಳಗಿಡೋ' ಅಂತಾಳೆ, ಒಂದಿನ 'ಆ ನಲ್ಲಪ್ಪ ನಿದ್ದೆ ಮಾಡ್ತಾವ್ನೆ, ಎಬ್ಬಿಸು' ಅಂತಾಳೆ. ನಿಜಾನೇ, ಮಾಡ್ತಿದ್ದೆ. ಆದ್ರೆ ಕಡೆಗೆ ಒಂದು ಮಾತು ತಪ್ಪಲ್ಲ, ತಿನ್ನಾವಾ ನಾಯನಾ? ಇವನು ಸ್ಕ್ರೀನ್ ಮುಂದೆ ಕೂತು, ತಿನ್ನಾನಮ್ಮಾ, ತಿಂದೆ ಅಂತಾನೆ. ಒಂದ್ಸಲ ಅಯ್ಯೋ ಅಮ್ಮ ಬಿಸಿಲಲ್ಲಿ ನೇತಾಡ್ತಾವ್ಳೆ ಅಂತ ಬಿಲ್ಲೆ ಬಿಚ್ಚಿ ದೇವರ ಮನೇಲಿ ಇಟ್ಟ. ಕಂಪ್ಯೂಟರಲ್ಲಿ ಆ ಡಿಸ್ಕು ಮಾಯ! ತೋಟಕ್ಕೆ ಗಿಳಿ ನುಗ್ಗಿ ಮೂರನೇ ಸಾಲು ಪೂರ್ತಿ ತೊಟ್ಟು ಮಾತ್ರ ಉಳೀತು. ಮತ್ತೆ ತಂದು ಕಟ್ಟಿದ್ಮೇಲೆ ಬಂದ್ಲು. ಅವಳಿಗೆ ಕೆಲಸ ಬೇಕು ಕಣ್ರಪ್ಪಾ, ಸುಮ್ನೆ ಕೂರಲ್ಲ."

ಮುದುಕ ಬೀಡಿಯ ಬೂದಿ ಕೊಡವಿದ.

"ಇವತ್ತು ಮಧ್ಯಾಹ್ನ ಮೋಹನ ಫೋನ್ ಮಾಡಿದ್ದ. ನಿನ್ನೆಯಿಂದ ಅಮ್ಮ ಕಾಣ್ತಿಲ್ಲ ನಲ್ಲಪ್ಪಣ್ಣ, ಸಾಲು ನೋಡು ಅಂತ ಒಂದೇ ಸಮ ಅಳು. ನೋಡ್ದೆ. ದಾರ ಮಾತ್ರ ಐತೆ..." ಎಂದು ಹೊರಗಿನ ಟೆಂಪೊ ಕಡೆ ಗದ್ದ ಎತ್ತಿದ. "ಚಿರಂಜೀವಪ್ಪ, ನಿನ್ನ ಗಾಡಿ ಒಳಗೆ ಕನ್ನಡಿಗೆ ನಿಂಬೆಹಣ್ಣಿನ ಜೊತೆ ಏನೋ ಹೊಳಿಯೋದು ನೇತಾಕಿದ್ದೀಯಲ್ಲ, ಎಲ್ಲಿ ಸಿಕ್ತು?"

ಚಿರಂಜೀವಿ ಟೆಂಪೊ ಕಡೆ ತಿರುಗಿ ನೋಡಿದ. ನಿನ್ನೆ ರಾತ್ರಿ ಅದನ್ನು ನಿಲ್ಲಿಸಿದ್ದು ಜಂಗಮಕೋಟೆಯ ತನ್ನ ಮನೆಯ ಕಿಟಕಿಯ ಕೆಳಗೇ. ಕಂಪ್ಯೂಟರ್ ಇದ್ದದ್ದೂ ಅದೇ ಕಿಟಕಿಯ ಪಕ್ಕ.

"ಬಿದ್ದಿತ್ತು ತಾತ, ಅಮ್ಮನಾಣೆ, ಆ ಸಾಲಲ್ಲೇ ಕೆಳಗೆ ಬಿದ್ದಿತ್ತು. ಸೀಡಿ ಅನ್ಕೊಂಡೆ."

"ಫೈಲು ತೆಗೆದ್ಯಾ?"

"...ತೆಗೆದೆ. ಯಾವುದೋ ಹೆಂಗಸು ದಾರಿ ತಪ್ಪಿದೋರ ತರ, ಇದು ಯಾರ ಮನೆ, ಇದು ಯಾರ ಮನೆ ಅಂತಿದ್ಲು. ವೈರಸ್ಸು ಅನ್ಕೊಂಡು ಆಫ್ ಮಾಡಿ ಮಲಗ್ದೆ."

"ಉತ್ತರ ಕೊಡ್ಬೇಕಿತ್ತಪ್ಪ" ಎಂದ ನಲ್ಲಪ್ಪ, ಅದೇ ಮುಖದಲ್ಲಿ. "ವಯಸ್ಸಾದೋಳು."

ಚಿರಂಜೀವಿ ಎದ್ದು ಮಳೆಗೆ ಇಳಿದ. ಟೆಂಪೊ ಬಾಗಿಲು ತೆಗೆದ ಸದ್ದು ಕೇಳಿತು, ಆಮೇಲೆ ಕೆಸರಿನಲ್ಲಿ ಪಚಪಚ ಹೆಜ್ಜೆ. ಮೂರನೇ ಸಾಲಿನಲ್ಲಿ ದಾರದ ತುದಿ ಹುಡುಕಿದ. ಅಂಗೈಯಲ್ಲಿದ್ದ ಬಿಲ್ಲೆಯಲ್ಲಿ ತನ್ನ ಮುಖ ಕಾಣದಿರಲೆಂದು ಅವನು ಆಕಾಶ ನೋಡುತ್ತಲೇ ಗಂಟು ಹಾಕಿದ. ಗಂಟು ಬಿದ್ದದ್ದೇ ತಡ, ಗಾಳಿ ಎದ್ದಿತು.

ಅವನು ನೀರು ಸುರಿಸುತ್ತ ಶೆಡ್ಡಿನ ಬಾಗಿಲಿಗೆ ಬಂದಾಗ ನಲ್ಲಪ್ಪನ ಫೋನು ಹೊಡೆದುಕೊಳ್ಳುತ್ತಿತ್ತು. ಮುದುಕ ಕಿವಿಗಿಟ್ಟುಕೊಂಡು "ಹೂಂ... ಹೂಂ... ಹೌದಾ..." ಎಂದು ಕೇಳಿ, ಫೋನನ್ನು ಜೇಬಿಗೆ ಹಾಕಿಕೊಂಡ.

"ಬಂದ್ಲಂತೆ" ಎಂದ.

ರೂಪ ನಿಟ್ಟುಸಿರು ಬಿಟ್ಟಳು.

"ಆದ್ರೆ ಚಿರಂಜೀವಿ ಅಂದ್ರೆ ಯಾರು ಅಂತ ಕೇಳ್ತಾವ್ನೆ ಮೋಹನ. ಅವನಿಗೆ ಗೊತ್ತಿಲ್ಲವಲ್ಲ, ನೀನು ಹೊಸಬ. ಅವಳು ಬಂದಾಗಿನಿಂದ ಮಗನ್ನ ಮಾತೇ ಆಡಿಸ್ತಿಲ್ವಂತೆ. ಆ ಹುಡುಗ ಚಿರಂಜೀವಿ ಮಳೇಲಿ ನೆಂದವ್ನೆ, ಬೆಳಗ್ಗಿಂದ ಏನೂ ತಿಂದಿಲ್ಲ, ತಿನ್ನಾವಾ ನಾಯನಾ ಅಂತ ಅದೊಂದನ್ನೇ ಕೇಳ್ತಾವ್ಳಂತೆ."

ಚಿರಂಜೀವಿ ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಆ ಮಾತನ್ನು ಅವನು ಯಾರಿಗೂ ಹೇಳಿರಲಿಲ್ಲ. ರೂಪ ತನ್ನ ಊಟದ ಡಬ್ಬಿ ತೆಗೆದು, ಉಳಿದಿದ್ದ ಅರ್ಧ ಮುದ್ದೆಯನ್ನು ಮುಚ್ಚಳಕ್ಕೆ ಹಾಕಿ ಅವನ ಕೈಗಿಟ್ಟಳು. ಅವನು ಒಂದು ತುತ್ತು ನುಂಗಿ, ಕತ್ತಲಾಗುತ್ತಿದ್ದ ಚಪ್ಪರದ ಕಡೆ ತಿರುಗಿ ಮೆಲ್ಲಗೆ ಹೇಳಿದ:

"ತಿಂತಾ ಇದ್ದೀನಮ್ಮಾ."

"ಇನ್ನೂ ಜೋರಾಗಿ ಹೇಳಪ್ಪ" ಎಂದ ನಲ್ಲಪ್ಪ, ಆರಿದ ಬೀಡಿಗೆ ಮತ್ತೆ ಕಡ್ಡಿ ಗೀರುತ್ತ. "ಗಾಳಿ ಎದುರಿಗೈತೆ, ಅವಳಿಗೆ ಕೇಳಿಸಲ್ಲ."